ಕಾಲ್ಬೆರಳಲ್ಲಿ ಹಿಡಿದ ಬಿಲ್ಲು

ಅಳದಂಗಡಿ ಕಡೆಯ ಮಕ್ಕಳಿಗೆ ಮಾವು, ಹಲಸಿನ ಮರ ಹತ್ತುವುದು ಆಟ. ಜಮ್ಮುವಿನ ಕಿಶ್ತ್ವಾರ್ ಬೆಟ್ಟಗಳ ಶೀತಲ್ ದೇವಿಗೂ ಅದೇ ಆಟವಾಗಿತ್ತು, ಹುಟ್ಟಿನಿಂದ ತೋಳುಗಳಿಲ್ಲದಿದ್ದರೂ.

ಕೃತಕ ಕೈಗಳಿಗಾಗಿ ಆಕೆ ಬಂದದ್ದು ಬೆಂಗಳೂರಿಗೆ. ನೆರವಾದದ್ದು ಮೇಜರ್ ಅಕ್ಷಯ್ ಗಿರೀಶ್ ಸ್ಮಾರಕ ಟ್ರಸ್ಟ್. ಇಲ್ಲಿನ ‘ಬೀಯಿಂಗ್ ಯು’ ಸಂಸ್ಥೆಯ ಪ್ರೀತಿ ರೈ ಆ ಹುಡುಗಿಯ ಮೈಕಸುವನ್ನು ಪರೀಕ್ಷಿಸಿ, ಆಟದ ದಾರಿ ತೋರಿಸಿದರು. ಕೊರತೆ ಹುಡುಕುವ ಕಣ್ಣಿಗೆ ಬಲ ಕಂಡದ್ದು ಸಣ್ಣ ಮಾತಲ್ಲ.

ಆ ದಾರಿ ಸಾಗಿದ್ದು ಬಿಲ್ಲುಗಾರಿಕೆಯತ್ತ. ಬಿಲ್ಲಿನ ಗುಣವೂ ಇಲ್ಲಿ ಮುಖ್ಯ. ಕಾಂಪೌಂಡ್ ಬಿಲ್ಲಿನ ತುದಿಗಳಲ್ಲಿ ಗಾಲಿಗಳಿವೆ. ಹೆದೆ ಪೂರ್ತಿ ಎಳೆದ ಮೇಲೆ ಹಿಡಿದಿಡಬೇಕಾದ ಭಾರ ಬಹಳ ಇಳಿಯುತ್ತದೆ. ಗುರಿಗೆ ಮನಸ್ಸು ಕೊಡಲು ಬಿಡುವು ಸಿಗುತ್ತದೆ. ಶೀತಲ್ ಕುರ್ಚಿಯಲ್ಲಿ ಕುಳಿತು ಬಲಗಾಲಿನಿಂದ ಬಿಲ್ಲು ಹಿಡಿಯುತ್ತಾರೆ. ಹೆದೆಯನ್ನು ಭುಜದ ಪಟ್ಟಿಯ ಕೊಂಡಿಗೆ ಸಿಕ್ಕಿಸಿ, ಕಾಲು ಚಾಚಿ ಎಳೆಯುತ್ತಾರೆ. ಬಾಣ ಬಿಡುವುದು ಬಾಯಿಯ ನೆರವಿನಿಂದ. ನೋಡುವವರ ಉಸಿರು ನಿಲ್ಲುತ್ತದೆ, ಅವರದು ನಿಲ್ಲುವುದಿಲ್ಲ.



2023ರ ಹಾಂಗ್‌ಝೌ ಪ್ಯಾರಾ ಏಷ್ಯನ್ ಕ್ರೀಡಾಕೂಟದಲ್ಲಿ ಶೀತಲ್‌ಗೆ ಎರಡು ಚಿನ್ನ, ಒಂದು ಬೆಳ್ಳಿ. 2024ರಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ರಾಕೇಶ್ ಕುಮಾರ್ ಜೊತೆ ಮಿಶ್ರ ತಂಡದ ಕಂಚು. 2025ರಲ್ಲಿ ಪ್ಯಾರಾ ವಿಶ್ವ ಚಾಂಪಿಯನ್.

ಪ್ಯಾರಾ ಕಾಂಪೌಂಡ್ ಮುಕ್ತ ವಿಭಾಗದಲ್ಲೂ ಅಂಗವೈಕಲ್ಯವಿಲ್ಲದವರ ಕಾಂಪೌಂಡ್ ಸ್ಪರ್ಧೆಯಲ್ಲೂ ಅಂತರ ಒಂದೇ, 50 ಮೀಟರ್. 2025ರ ನವೆಂಬರಿನಲ್ಲಿ, ಜೆದ್ದಾದ ಏಷ್ಯಾ ಕಪ್‌ಗೆ ಅಂಗವೈಕಲ್ಯವಿಲ್ಲದ ಬಿಲ್ಲುಗಾರ್ತಿಯರ ಭಾರತ ತಂಡದಲ್ಲೇ ಶೀತಲ್ ಹೆಸರು ಬಂತು.