ಕರುಳಿನ ಕ್ಯಾನ್ಸರಿಗೆ ಪ್ರೋಟೀನು ಸೂಚಕ: ಹೋಲಿಕೆ ಯಾರೊಡನೆ?

'ಒಂದು ಹನಿ ರಕ್ತದಲ್ಲಿ ಕ್ಯಾನ್ಸರ್ ಪತ್ತೆ' ಎಂಬಂಥ ಸುದ್ದಿಯನ್ನು ನೀವು ಓದಿಯೇ ಇರುತ್ತೀರಿ. ದೊಡ್ಡಕರುಳು ಮತ್ತು ಗುದನಾಳದ ಕ್ಯಾನ್ಸರಿಗೆ ಪ್ರೋಟೀನು ಸೂಚಕಗಳ ಹುಡುಕಾಟ ಅರ್ಧ ಶತಮಾನಕ್ಕೂ ಹಳೆಯದು. ಸೂಚಕಗಳ ಪಟ್ಟಿ ಬೆಳೆಯುತ್ತಲೇ ಇದೆ. ರೋಗವನ್ನು ಮೊದಲೇ ಹಿಡಿಯುವ ತಪಾಸಣೆಗೆ ಒದಗಿದವು ಬಹಳ ಕಡಿಮೆ. ಇದಕ್ಕೆ ಉಪಕರಣಗಳಿಗಿಂತ ಹೋಲಿಕೆಯ ವಿಧಾನವೇ ಹೆಚ್ಚು ಕಾರಣ ಎಂಬುದು ನನ್ನ ವಾದ.

1965ರಲ್ಲಿ ಕೆನಡದ ಮಾಂಟ್ರಿಯಲ್‌ನಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯಲ್ ಫ್ರೀಡ್‌ಮನ್ ಕರುಳಿನ ಗಂತಿಯಲ್ಲಿ ಒಂದು ವಿಶಿಷ್ಟ ಪ್ರೋಟೀನನ್ನು ಗುರುತಿಸಿದರು. ಭ್ರೂಣದ ಕರುಳಿನಲ್ಲೂ ಕಂಡುಬಂದ ಅದಕ್ಕೆ ಕಾರ್ಸಿನೋಎಂಬ್ರಿಯಾನಿಕ್ ಆಂಟಿಜೆನ್, ಸಂಕ್ಷೇಪವಾಗಿ ಸಿಇಎ, ಎಂದು ಹೆಸರಾಯಿತು. ಹೋಲಿಕೆಗೆ ಅವರು ಅದೇ ರೋಗಿಯ ಕರುಳಿನ ಆರೋಗ್ಯವಂತ ಭಾಗವನ್ನೇ ಬಳಸಿದ್ದರು. ಹೀಗಾಗಿ ವ್ಯಕ್ತಿವ್ಯತ್ಯಾಸದ ಗೊಂದಲ ತಪ್ಪಿತು. 1969ರಲ್ಲಿ ಪ್ರಕಟವಾದ ರಕ್ತಪರೀಕ್ಷೆ 36 ರೋಗಿಗಳ ಪೈಕಿ 35 ಮಂದಿಯಲ್ಲಿ ಸಿಇಎಯನ್ನು ತೋರಿಸಿತು. ಆದರೆ ಪರೀಕ್ಷೆಯ ವ್ಯಾಪ್ತಿ ಹಿಗ್ಗಿದಂತೆ ಧೂಮಪಾನಿಗಳಲ್ಲಿ, ಯಕೃತ್ತಿನ ರೋಗ ಅಥವಾ ಕರುಳಿನ ಉರಿಯೂತ ಇದ್ದವರಲ್ಲಿ ಸಹ ಸಿಇಎ ಏರುವುದು ಕಂಡಿತು. ಆರಂಭದ ಹಂತದ ಅನೇಕ ರೋಗಿಗಳಲ್ಲಿ ಅದು ಏರಿರಲೇ ಇಲ್ಲ! ಇಂದು ಅದರ ಮುಖ್ಯ ಬಳಕೆ, ಶಸ್ತ್ರಚಿಕಿತ್ಸೆಯ ನಂತರ ರೋಗ ಮರುಕಳಿಸಿದೆಯೇ ಎಂದು ಗಮನಿಸಲು.

ಒಂದು ಕಾಲ್ಪನಿಕ ಲೆಕ್ಕ ಮಾಡೋಣ. ಒಂದು ಪರೀಕ್ಷೆ ರೋಗಿಗಳಲ್ಲೂ ನಿರೋಗಿಗಳಲ್ಲೂ ಶೇಕಡ 90ರಷ್ಟು ಸರಿ ಎನ್ನಿ. 100 ರೋಗಿಗಳು, 100 ನಿರೋಗಿಗಳಿರುವ ಪ್ರಯೋಗದಲ್ಲಿ 'ರೋಗವಿದೆ' ಎನಿಸಿಕೊಂಡ 100 ಮಂದಿಯಲ್ಲಿ 90 ಮಂದಿ ನಿಜವಾದ ರೋಗಿಗಳು. ಈಗ 10,000 ಜನರಲ್ಲಿ 50 ಮಂದಿಗಷ್ಟೇ ರೋಗವಿರಲಿ. ಪರೀಕ್ಷೆ ಹಿಡಿಯುವುದು 45 ರೋಗಿಗಳನ್ನು. ಜೊತೆಗೆ 995 ನಿರೋಗಿಗಳನ್ನು. ಉಪಕರಣ ಅದೇ, ಫಲಿತಾಂಶದ ಅರ್ಥ ಮಾತ್ರ ಬೇರೆ.

ರಕ್ತದಲ್ಲಿರುವ ಆಲ್ಬುಮಿನ್‌ಗೂ ಇಂಟರ್‌ಲ್ಯೂಕಿನ್-6ರಂಥ ವಿರಳ ಪ್ರೋಟೀನಿಗೂ ಪ್ರಮಾಣದಲ್ಲಿ ಸುಮಾರು ಸಾವಿರ ಕೋಟಿ ಪಟ್ಟು ಅಂತರವಿದೆ. ಈ ಗದ್ದಲದಲ್ಲಿ ಕ್ಷೀಣ ಸಂಕೇತವನ್ನು ಹುಡುಕುವ ಮಾಸ್ ಸ್ಪೆಕ್ಟ್ರೋಮೀಟರಿಗೆ ವ್ಯತ್ಯಾಸದ ಕಾರಣ ತಿಳಿಯದು. ರೋಗಿಗಳ ರಕ್ತವನ್ನು ಒಂದು ಬಗೆಯಲ್ಲಿ, ನಿರೋಗಿಗಳದ್ದನ್ನು ಇನ್ನೊಂದು ಬಗೆಯಲ್ಲಿ ಶೇಖರಿಸಿದರೆ ಅದು ಶೇಖರಣೆಯ ವ್ಯತ್ಯಾಸವನ್ನೂ ನಿಷ್ಠೆಯಿಂದ ದಾಖಲಿಸುತ್ತದೆ. ಅದನ್ನೇ ಕ್ಯಾನ್ಸರಿನ ಗುರುತೆಂದು ಪ್ರಕಟಿಸುವ ಅಪಾಯವಿದೆ.

ವ್ಯಾಪಕ ತಪಾಸಣೆಯಲ್ಲಿ ನೆಲೆನಿಂತ ಪ್ರೋಟೀನು ಯಾವುದು ಗೊತ್ತೆ? ಮಲದಲ್ಲಿ ಪತ್ತೆಯಾಗುವ ಹೀಮೊಗ್ಲೋಬಿನ್ನಿನ ಗ್ಲೋಬಿನ್. ಅದು ಕ್ಯಾನ್ಸರ್ ಕೋಶದ ಉತ್ಪನ್ನವೇ ಅಲ್ಲ, ಗಂತಿಯಿಂದ ಸೋರುವ ರಕ್ತದ ಭಾಗ. ಜಠರದ ಕಡೆಯಿಂದ ಬರುವ ಗ್ಲೋಬಿನ್ ಬಹುಮಟ್ಟಿಗೆ ಜೀರ್ಣವಾಗಿಬಿಡುವುದರಿಂದ ಈ ಪರೀಕ್ಷೆ ಮುಖ್ಯವಾಗಿ ದೊಡ್ಡಕರುಳಿನತ್ತ ಬೆರಳು ಮಾಡುತ್ತದೆ. ಇದೂ ಕೆಲವರನ್ನು ತಪ್ಪಿಸುತ್ತದೆ. ಆದರೆ ರೋಗಲಕ್ಷಣಗಳಿಲ್ಲದ ಸಾಮಾನ್ಯ ಜನರಲ್ಲೇ ಕೊಲೊನೋಸ್ಕೋಪಿಯೊಡನೆ ಹೋಲಿಸಿ ಇದರ ಬೆಲೆ ಕಟ್ಟಲಾಗಿದೆ.

ತಪ್ಪು ಫಲಿತಾಂಶಕ್ಕೆ ಬೆಲೆ ತೆರುವವರು ಜನ: ಒಬ್ಬರಿಗೆ ಅನಗತ್ಯ ಕೊಲೊನೋಸ್ಕೋಪಿ, ಇನ್ನೊಬ್ಬರಿಗೆ ಹುಸಿ ಧೈರ್ಯ. ಆದ್ದರಿಂದ ಹೊಸ ಸೂಚಕದ ಸುದ್ದಿ ಬಂದಾಗ 'ಶೇಕಡ ಎಷ್ಟು ನಿಖರ?' ಎಂಬುದರ ಜೊತೆಗೆ 'ಯಾರಲ್ಲಿ ಪರೀಕ್ಷಿಸಿದರು?' ಎಂದು ಕೇಳುವುದನ್ನೂ ನಿಮ್ಮ ವಿದ್ಯಾರ್ಥಿಗಳಿಗೆ ಕಲಿಸಿ.