ಹಾಸ್ಯನಟನ ಸ್ಮರಣೆಗೆ ತಕ್ಕ ಸಾಕ್ಷ್ಯಚಿತ್ರ

ಧಾರವಾಡ ರಂಗಾಯಣದ ನಿರ್ದೇಶಕರಾಗಿದ್ದ ಹಾಸ್ಯನಟ ರಾಜು ತಾಳಿಕೋಟೆಯವರು 2025ರ ಅಕ್ಟೋಬರ್ 13ರಂದು ಅಕಾಲದಲ್ಲಿ ತೀರಿಕೊಂಡರು. ‘ಮನಸಾರೆ’ (2009), ‘ಪಂಚರಂಗಿ’ (2010) ಚಿತ್ರಗಳ ತುಣುಕುಗಳನ್ನು ಪೋಣಿಸಿದರೆ ಅವರ ಸ್ಮರಣೆಯ ಸಾಕ್ಷ್ಯಚಿತ್ರವಾಯಿತೆಂಬುದನ್ನು ನಾವು ಒಪ್ಪಲಾರೆವು. ಗುಳೇದಗುಡ್ಡದಂಥ ನೇಕಾರರ ಊರುಗಳ ರಸಿಕರು ಅವರನ್ನು ಅರಿತದ್ದು ಅದಕ್ಕೂ ಮುಂಚೆ, ‘ಕಲಿಯುಗದ ಕುಡುಕ’ದ ಧ್ವನಿಸುರುಳಿಯಿಂದ. ಸುರುಳಿಯಲ್ಲಿ ಕಂಠವುಂಟು, ದೇಹವಿಲ್ಲ. ಸಿನಿಮಾದಲ್ಲಿ ಎರಡೂ ಉಂಟು, ಎದುರಿಗೆ ಪ್ರೇಕ್ಷಕನಿಲ್ಲ. ಸಮೀಪದ ಬನಶಂಕರಿ ಜಾತ್ರೆಯಲ್ಲಿ ಬೀಡುಬಿಡುವ ಕಂಪನಿ ನಾಟಕಗಳನ್ನು ಕಂಡವರು ಬಲ್ಲರು: ಅಲ್ಲಿಯ ಹಾಸ್ಯವು ನಗೆ ಏಳುವವರೆಗೆ ಮಾತನ್ನು ತಡೆದು, ಆ ರಾತ್ರಿಯ ಊರನ್ನೇ ಒಳಗೆ ಸೇರಿಸಿಕೊಂಡು ಬೆಳೆಯತಕ್ಕದ್ದು, ಅಚ್ಚಾದ ನಾಟಕದಲ್ಲಿ ಅದು ಸಿಕ್ಕದು. ಆದುದರಿಂದ ಚಿತ್ರ ತೆಗೆಯುವವರು ಗಣ್ಯರ ಸಂತಾಪವನ್ನು ಮೊಟಕುಮಾಡಿ, (ಅದು ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ) ಅವರೊಡನೆ ರಂಗವೇರಿದ ಪಾತ್ರಧಾರಿಗಳನ್ನೂ ಪೇಟಿ-ತಬಲಾದವರನ್ನೂ ಮಾತನಾಡಿಸಬೇಕು. ಅವರು ಎಲ್ಲಿ ನಿಲ್ಲುತ್ತಿದ್ದರು, ಎಷ್ಟು ಹೊತ್ತು ಸುಮ್ಮನಿರುತ್ತಿದ್ದರು ಎಂಬುದನ್ನು ಹೇಳಬಲ್ಲವರು ಇವರೇ.