ಗಟ್ಟಿ ರೂಪಾಯಿಯ ಭಾರ ಹೊತ್ತವರು

ಇಂದು ಒಂದು ಭಾರತೀಯ ರೂಪಾಯಿಗೆ ಸುಮಾರು ಮೂರು ಪಾಕಿಸ್ತಾನಿ ರೂಪಾಯಿಗಳಷ್ಟು ಬೆಲೆಯಿದೆ. ಟಿವಿ ಚರ್ಚೆಗಳಲ್ಲೂ ವಾಟ್ಸಾಪ್ ಗುಂಪುಗಳಲ್ಲೂ ಈ ಲೆಕ್ಕ ಗೆಲುವಿನ ಸುದ್ದಿಯಂತೆ ಓಡಾಡುತ್ತದೆ. ದೇಶ ಬಲವಾಗಿದ್ದರೆ ಅದರ ಹಣ ಬಲವಾಗಿರುತ್ತದೆ, ಹಣ ಕುಸಿದರೆ ದೇಶವೇ ಸೋತಂತೆ ಎಂಬ ನಂಬಿಕೆ ಇದರ ಹಿಂದಿದೆ. ಒಂದು ರೂಪಾಯಿ ಕೊಟ್ಟರೆ ಒಂದಕ್ಕಿಂತ ಹೆಚ್ಚು ಯೆನ್ ಬರುತ್ತದೆ. ಹಾಗೆಂದು ಜಪಾನ್ ನಮಗಿಂತ ಬಡ ದೇಶ ಎಂದು ಯಾರೂ ಹೇಳುವುದಿಲ್ಲ. ಆದರೆ ನೆರೆಯವರ ವಿಷಯ ಬಂದಾಗ ಈ ವಿವೇಕ ಉಳಿಯುವುದಿಲ್ಲ. ವಿನಿಮಯ ದರ ದೇಶದ ಅಂಕಪಟ್ಟಿಯಲ್ಲ. ದೇಶದೊಳಗೆ ಯಾರ ಗಳಿಕೆ ಯಾರ ಕೈ ಸೇರಬೇಕು ಎಂಬ ತೀರ್ಮಾನ ಅದರಲ್ಲಿ ಅಡಗಿರುತ್ತದೆ. ಇದಕ್ಕೆ ಇದೇ ಎರಡು ರೂಪಾಯಿಗಳ ಚರಿತ್ರೆಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

1947ರಲ್ಲಿ ನೆಲ ಒಡೆಯಿತು, ರೂಪಾಯಿ ಒಡೆಯಲಿಲ್ಲ. 1948ರ ಜೂನ್ ಕೊನೆಯವರೆಗೆ ನಮ್ಮ ರಿಸರ್ವ್ ಬ್ಯಾಂಕೇ ಎರಡೂ ದೇಶಗಳ ಕೇಂದ್ರ ಬ್ಯಾಂಕಾಗಿತ್ತು. ಜುಲೈ 1ರಂದು ಕರಾಚಿಯಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಪಾಕಿಸ್ತಾನ್ ಆರಂಭವಾದ ಮೇಲೂ ಒಂದಕ್ಕೆ ಒಂದು ಎಂಬ ದರವೇ ನಡೆಯಿತು. 1949ರ ಸೆಪ್ಟೆಂಬರ್ 18ರಂದು ಬ್ರಿಟನ್ ತನ್ನ ಪೌಂಡನ್ನು 4.03 ಡಾಲರಿನಿಂದ 2.80ಕ್ಕೆ ಇಳಿಸಿತು. ಬೆನ್ನಲ್ಲೇ ಭಾರತವೂ ರೂಪಾಯಿಯನ್ನು ಇಳಿಸಿತು. ಆಗ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದವರು ಮಂಗಳೂರಿನ ಬೆನಗಲ್ ಮನೆತನದ ರಾಮರಾವ್. ಹುದ್ದೆಗೆ ಬಂದು ಮೂರು ತಿಂಗಳೂ ಆಗಿರಲಿಲ್ಲ. ಪಾಕಿಸ್ತಾನ ಮಾತ್ರ ಇಳಿಸಲಿಲ್ಲ. ನೂರು ಪಾಕಿಸ್ತಾನಿ ರೂಪಾಯಿಗೆ ಈಗ 144 ಭಾರತೀಯ ರೂಪಾಯಿ ಎಂದಾಯಿತು.

ಕರಾಚಿಯಲ್ಲಿ ಅದನ್ನು ಸ್ವಾಭಿಮಾನ ಎಂದರು. ಆಗ ಪಾಕಿಸ್ತಾನದ ಭಾಗವಾಗಿದ್ದ, ಈಗ ಬಾಂಗ್ಲಾದೇಶವಾಗಿರುವ ಪೂರ್ವ ಬಂಗಾಳದ ಸೆಣಬಿನ ಹೊಲದಲ್ಲಿ ನಿಂತು ನೋಡಿದರೆ ಲೆಕ್ಕ ಬೇರೆಯೇ ಇತ್ತು. ಅವಿಭಜಿತ ಭಾರತದ ಸೆಣಬಿನ ಬಹುಪಾಲು ಅಲ್ಲೇ ಬೆಳೆಯುತ್ತಿತ್ತು, ಗಿರಣಿಗಳೆಲ್ಲ ಗಡಿಯ ಈಚೆಗೆ, ಹೆಚ್ಚಾಗಿ ಹೂಗ್ಲಿ ನದಿಯ ದಂಡೆಯಲ್ಲಿ ಇದ್ದವು. ಹಿಂದೆ ಒಂದು ಬ್ರಿಟಿಷ್ ಪೌಂಡ್ ಬೆಲೆಯ ಸೆಣಬು ಮಾರಿದರೆ ಸುಮಾರು 13 ರೂಪಾಯಿ 5 ಆಣೆ ಬರುತ್ತಿತ್ತು. ಹೊಸ ದರದಲ್ಲಿ ಅದೇ ಪೌಂಡಿಗೆ 9 ರೂಪಾಯಿ 4 ಆಣೆ. ಆಮದು ಮಾಡಿಕೊಳ್ಳುವವನಿಗೆ ಪೌಂಡು ಅಗ್ಗವಾಯಿತು. ರಫ್ತಿನ ಬೆಳೆ ತೆಗೆಯುವವನ ಶ್ರಮವೂ ಅಷ್ಟೇ ಅಗ್ಗವಾಯಿತು.

ಭಾರತ ಇದಕ್ಕಿಂತ ಜಾಣತನದಿಂದ ನಡೆದುಕೊಂಡಿತೇ? ಇಲ್ಲ. ಹೊಸ ದರವನ್ನು ಒಪ್ಪುವುದಿಲ್ಲ ಎಂದು ಹಟ ಹಿಡಿಯಿತು. ವ್ಯಾಪಾರ ಹೆಚ್ಚುಕಡಿಮೆ ನಿಂತೇಹೋಯಿತು. ಅತ್ತ ಕಲ್ಲಿದ್ದಲು ಹೋಗಲಿಲ್ಲ, ಇತ್ತ ಸೆಣಬು ಬರಲಿಲ್ಲ. ಕೊಳ್ಳುವ ದೊಡ್ಡ ಗಿರಾಕಿಯೇ ಬಾಗಿಲು ಹಾಕಿದಾಗ ರೈತನ ಸರಕು ಅವನ ಅಂಗಳದಲ್ಲೇ ಉಳಿಯಿತು. ಹೂಗ್ಲಿ ದಂಡೆಯ ಗಿರಣಿಗಳೂ ಕಚ್ಚಾ ಮಾಲಿಗಾಗಿ ಪರದಾಡಿದವು. 1951ರ ಫೆಬ್ರುವರಿಯಲ್ಲಿ ಭಾರತ ಕೊನೆಗೂ ಆ ದರವನ್ನು ಒಪ್ಪಿತು. ಆ ಹೊತ್ತಿಗೆ ನಾವು ಪಶ್ಚಿಮ ಬಂಗಾಳ, ಅಸ್ಸಾಂ, ಬಿಹಾರಗಳಲ್ಲಿ ಸೆಣಬಿನ ಬೇಸಾಯವನ್ನು ವಿಸ್ತರಿಸತೊಡಗಿದ್ದೆವು, ಅವರು ನಾರಾಯಣಗಂಜ್‌ನಲ್ಲಿ ಗಿರಣಿ ಕಟ್ಟುತ್ತಿದ್ದರು. ನೂರಾರು ವರ್ಷ ಒಂದಾಗಿದ್ದ ನದೀತೀರದ ಆರ್ಥಿಕತೆ ಎರಡಾದದ್ದು ವಿಭಜನೆಯ ವೇಳೆ ರಾಡ್‌ಕ್ಲಿಫ್ ಎಳೆದ ಗಡಿಗೆರೆಯಿಂದ ಎಷ್ಟೋ ಅಷ್ಟೇ ಈ ದರದ ಜಗಳದಿಂದಲೂ ಎಂದು ನಾನು ತಿಳಿಯುತ್ತೇನೆ.

ಪಾಕಿಸ್ತಾನದ ಪರವಾಗಿ ಹೇಳಬೇಕಾದ ಮಾತೂ ಇದೆ. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಶುರುವಾಗಿ ಕಚ್ಚಾ ಸರಕಿನ ಬೆಲೆ ಗಗನಕ್ಕೇರಿದಾಗ ಅದರ ನಿರ್ಧಾರ ಸರಿಯೆಂದೇ ಕಂಡಿತು. ಆ ಏರಿಕೆ ಇಳಿದ ಮೇಲೆ ದರವನ್ನು ಹಿಡಿದಿಡಲು ಆಮದು ಪರವಾನಗಿಗಳ ಬೇಲಿ ಬೇಕಾಯಿತು. ಪರವಾನಗಿ ಸಿಕ್ಕವನು ಅಗ್ಗದ ಡಾಲರ್ ಪಡೆದು ಕರಾಚಿಯಲ್ಲಿ ಯಂತ್ರ ಹೂಡಿದ. ಆ ಡಾಲರನ್ನು ಗಳಿಸಿಕೊಟ್ಟವನು ಪೂರ್ವದ ಕೆಸರಿನಲ್ಲಿ ನಿಂತು ಸೆಣಬು ಕೊಯ್ಯುತ್ತಿದ್ದವನು. 1955ರಲ್ಲಿ ಪಾಕಿಸ್ತಾನವೂ ರೂಪಾಯಿಯನ್ನು ಇಳಿಸಿ, ಡಾಲರಿಗೆ 4.76ರಂತೆ ಭಾರತದ ಸಮಕ್ಕೆ ಬಂತು. ಆದರೆ 1959ರಲ್ಲಿ ಅಯೂಬ್ ಖಾನರ ಸೇನಾ ಸರ್ಕಾರ ರಫ್ತುದಾರರಿಗೆ ಆಮದಿನ ಹಕ್ಕು ಕೊಡುವ ಬೋನಸ್ ವೋಚರ್ ಹಂಚತೊಡಗಿದಾಗ ಕಾರ್ಖಾನೆಯ ಸರಕಿಗೆ ಲಾಭ ಸಿಕ್ಕಿತೇ ಹೊರತು ಕಚ್ಚಾ ಸೆಣಬು ಅದರಿಂದ ಹೊರಗೇ ಉಳಿಯಿತು.

1966ರ ಜೂನ್ 6ರಂದು ಭಾರತ ಡಾಲರಿನ ದರವನ್ನು 4.76ರಿಂದ 7.50ಕ್ಕೆ ಏರಿಸಿತು. ಇಲ್ಲಿ ಅದು ರಾಷ್ಟ್ರೀಯ ಅವಮಾನವೆಂಬ ಕೂಗೆದ್ದಿತು. ಅಲ್ಲಿ 4.76 ಹಾಗೆಯೇ ಉಳಿಯಿತು. ಕಾಗದದ ಮೇಲೆ ಅವರ ರೂಪಾಯಿ ನಮ್ಮದರ ಒಂದೂವರೆ ಪಟ್ಟಿಗೂ ಮಿಗಿಲಾಯಿತು. ಹಣದ ಬಲವೇ ದೇಶದ ಬಲ ಎನ್ನುವವರು ಇದೇ ವರ್ಷಗಳನ್ನು ಗಮನಿಸಬೇಕು. ಅದೇ 1966ರ ಫೆಬ್ರುವರಿಯಲ್ಲಿ ಲಾಹೋರಿನಲ್ಲಿ ಪೂರ್ವ ಪಾಕಿಸ್ತಾನದ ನಾಯಕ ಶೇಖ್ ಮುಜಿಬುರ್ ರಹಮಾನ್ ಆರು ಅಂಶಗಳ ಬೇಡಿಕೆ ಮುಂದಿಟ್ಟಿದ್ದರು. ಪೂರ್ವ, ಪಶ್ಚಿಮಗಳಿಗೆ ಪ್ರತ್ಯೇಕ ಹಣ ಇರಲಿ, ಇಲ್ಲವೇ ಪೂರ್ವದ ಬಂಡವಾಳ ಪಶ್ಚಿಮಕ್ಕೆ ಹರಿದುಹೋಗದಂತೆ ತಡೆ ಇರಲಿ ಎಂಬುದು ಅವುಗಳಲ್ಲೊಂದು. ವಿದೇಶಿ ವಿನಿಮಯದ ಲೆಕ್ಕವನ್ನು ಬೇರೆಬೇರೆ ಇಡಬೇಕೆಂಬುದು ಇನ್ನೊಂದು. ಕೈಗೆ ಸೇರಬೇಕಾದ ಹಣ ಎರಡು ದಶಕ ಸೇರದೆ ಹೋದವರು ಮಾತ್ರ ರಾಜಕೀಯ ಬೇಡಿಕೆಯ ಪಟ್ಟಿಯಲ್ಲಿ ಇಂಥ ಸಾಲು ಬರೆಯುತ್ತಾರೆ. ಭಾಷೆ, ಸೇನೆ, ಚುನಾವಣೆಗಳ ಪಾತ್ರವನ್ನು ನಾನು ಕಡೆಗಣಿಸುತ್ತಿಲ್ಲ. ಆದರೆ ಆ ಸಿಟ್ಟಿನ ಬುಡದಲ್ಲಿ ಸೆಣಬಿನ ಡಾಲರ್ ಇತ್ತು.

1971ರ ಡಿಸೆಂಬರಿನಲ್ಲಿ ಬಾಂಗ್ಲಾದೇಶ ಬೇರೆಯಾಯಿತು. ಪೂರ್ವದ ಗಳಿಕೆ ಕೈತಪ್ಪಿದ ಐದೇ ತಿಂಗಳಲ್ಲಿ, 1972ರ ಮೇನಲ್ಲಿ, ಪಾಕಿಸ್ತಾನ ತನ್ನ ರೂಪಾಯಿಯನ್ನು ಡಾಲರಿಗೆ 4.76ರಿಂದ 11ಕ್ಕೆ ಇಳಿಸಿತು.